ಬೌದ್ಧ ವಿಹಾರಗಳಲ್ಲಿ ಚಹ ಮತ್ತು ಧ್ಯಾನ

ಶಾಲೆಯಲ್ಲಿ ವಿರಾಮದ ಗಂಟೆ ಬಾರಿಸಿದೊಡನೆ ಅಧ್ಯಾಪಕರ ಕೊಠಡಿಗೆ ಚಹ ಬರುತ್ತದೆ. ಒಬ್ಬರು ಉತ್ತರಪತ್ರಿಕೆಗಳನ್ನು ತಿದ್ದುತ್ತ, ಇನ್ನೊಬ್ಬರು ಹಾಜರಿ ಪುಸ್ತಕದ ಮೊತ್ತ ಕೂಡುತ್ತ, ಮತ್ತೊಬ್ಬರು ವರ್ಗಾವಣೆಯ ಸುದ್ದಿಯನ್ನು ಚರ್ಚಿಸುತ್ತ ಅದನ್ನು ಕುಡಿದು ಮುಗಿಸುತ್ತಾರೆ. ಮರುಗಂಟೆ ಬಾರಿಸುವ ಹೊತ್ತಿಗೆ ಲೋಟಗಳು ಬರಿದಾಗಿರುತ್ತವೆ. ಆ ಚಹ ಬಿಸಿಯಾಗಿದ್ದಿತೇ, ಆರಿದ್ದಿತೇ, ಸಕ್ಕರೆ ಹೆಚ್ಚಾಗಿದ್ದಿತೇ ಎಂದು ಕೇಳಿದರೆ ಉತ್ತರ ದೊರೆಯುವುದು ಕಷ್ಟ. ಕುಡಿದವರು ತಾವೇ ಆದರೂ ಕುಡಿಯುವಾಗ ಅವರ ಮನಸ್ಸು ಅಲ್ಲಿರಲಿಲ್ಲ. ಇದನ್ನು ದೋಷವೆಂದು ಎತ್ತಿ ಆಡುವ ಉದ್ದೇಶ ನನಗಿಲ್ಲ. ಈ ಲೇಖಕನೂ ಅದೇ ಪಂಕ್ತಿಯವನು. ಆದರೆ ಒಂದು ಬಟ್ಟಲು ಚಹ ಕುಡಿಯುವಾಗ ಮನುಷ್ಯನು ಸಂಪೂರ್ಣವಾಗಿ ಅಲ್ಲಿಯೇ ಇರಬೇಕೆಂಬುದನ್ನು ಒಂದು ಸಾಧನೆಯನ್ನಾಗಿ ಮಾಡಿಕೊಂಡು, ಅದಕ್ಕಾಗಿ ನಿಯಮಗಳನ್ನು ಬರೆದು, ಮನೆಗಳನ್ನು ಕಟ್ಟಿ, ಪಾತ್ರೆಗಳನ್ನು ರೂಪಿಸಿದ ಜನರು ಏಷ್ಯಾ ಖಂಡದ ಪೂರ್ವಭಾಗದಲ್ಲಿ ಸಾವಿರ ವರ್ಷಗಳಿಗೂ ಮಿಕ್ಕಿ ಇದ್ದಾರೆ. ಅವರ ಚರಿತ್ರೆಯನ್ನು ತಿಳಿಯುವುದಕ್ಕೆ ನಮಗೆ ಇನ್ನೊಂದು ಕಾರಣವೂ ಉಂಟು. ಚೀನಕ್ಕೆ ಚಹವನ್ನು ಕೊಟ್ಟವನು ದಕ್ಷಿಣ ಭಾರತದ ಬೋಧಿಧರ್ಮನೆಂಬ ಮಾತು ನಮ್ಮ ಸೀಮೆಯಲ್ಲಿ ಪ್ರಚಾರದಲ್ಲಿದೆ. ವಿದ್ಯಾರ್ಥಿಗಳು ತರಗತಿಯಲ್ಲಿ ಇದನ್ನು ಕೇಳಿದಾಗ ಅಧ್ಯಾಪಕನು ಹೆಮ್ಮೆಯಿಂದ ಹೌದೆಂದು ಹೇಳಿಬಿಡಬಹುದು. ಆದರೆ ಅದು ಸತ್ಯವೇ ಎಂಬ ಪ್ರಶ್ನೆ ಉಳಿಯುತ್ತದೆ.

ಕಥೆ ಹೀಗಿದೆ. ಬೋಧಿಧರ್ಮನು ಚೀನದಲ್ಲಿ ಗೋಡೆಗೆ ಮುಖಮಾಡಿ ಒಂಬತ್ತು ವರ್ಷ ಧ್ಯಾನದಲ್ಲಿ ಕುಳಿತನು. ಒಮ್ಮೆ ನಿದ್ರೆ ಅವನನ್ನು ಆವರಿಸಿತು. ಎಚ್ಚತ್ತ ಮೇಲೆ ತನ್ನ ಮೇಲೆ ತಾನೇ ಕುಪಿತನಾಗಿ ಕಣ್ಣೆವೆಗಳನ್ನು ಕತ್ತರಿಸಿ ಎಸೆದನು. ಅವು ಬಿದ್ದ ಸ್ಥಳದಲ್ಲಿ ಎವೆಯಾಕಾರದ ಎಲೆಗಳುಳ್ಳ ಗಿಡವೊಂದು ಹುಟ್ಟಿತು, ಅದೇ ಚಹ. ರೋಮಾಂಚನಗೊಳಿಸುವ ಕಥೆಯೇನೋ ನಿಜ. ಆದರೆ ಬೋಧಿಧರ್ಮನ ಕಾಲ ಕ್ರಿ. ಶ. ಐದನೆಯ ಶತಮಾನದ ಕೊನೆ ಅಥವಾ ಆರನೆಯ ಶತಮಾನದ ಆರಂಭ. ಕ್ರಿ. ಪೂ. 59ರಲ್ಲಿ ವಾಂಗ್ ಬಾವೋ ಎಂಬ ಚೀನೀ ಲೇಖಕನು ವಿನೋದಕ್ಕಾಗಿ ಬರೆದ ಒಂದು ಸೇವಕನ ಕರಾರುಪತ್ರದಲ್ಲಿ ಚಹವನ್ನು ಕುದಿಸುವುದೂ ಪೇಟೆಗೆ ಹೋಗಿ ಕೊಂಡು ತರುವುದೂ ಅವನ ಕೆಲಸಗಳಲ್ಲಿ ಸೇರಿವೆ. ಕ್ರಿ. ಪೂ. 141ರಲ್ಲಿ ತೀರಿಕೊಂಡ ಹಾನ್ ವಂಶದ ಜಿಂಗ್ ಚಕ್ರವರ್ತಿಯ ಸಮಾಧಿಯಲ್ಲಿ ದೊರೆತ ಎಲೆಗಳು ಚಹದ ಎಲೆಗಳೇ ಎಂದು ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದರು. ಆದುದರಿಂದ ಬೋಧಿಧರ್ಮನು ಹೋದಾಗ ಚಹ ಅಲ್ಲಿ ಆಗಲೇ ಇದ್ದಿತು. ಇನ್ನು ಆತನ ಹುಟ್ಟೂರಿನ ವಿಷಯವೂ ನಾವು ತಿಳಿದಷ್ಟು ನಿರ್ವಿವಾದವಲ್ಲ. 547ರಲ್ಲಿ ಬರೆದ ಒಂದು ಚೀನೀ ಗ್ರಂಥ ಆತನನ್ನು ಪಾರಸಿಕ ದೇಶದವನೆನ್ನುತ್ತದೆ. ಇನ್ನೊಂದು ಹಳೆಯ ಬರಹ ದಕ್ಷಿಣ ಭಾರತದ ಅರಸನೊಬ್ಬನ ಮೂರನೆಯ ಮಗನೆನ್ನುತ್ತದೆ. ಕಾಂಚಿಯ ಹೆಸರು ಸೇರಿದ್ದು ತರುವಾಯದ ಸಂಪ್ರದಾಯದಲ್ಲಿ. ಹೆಮ್ಮೆಗೆ ಸ್ವಲ್ಪ ಊನ ಬಂದರೂ ಇದನ್ನು ಹೀಗೆಯೇ ಹೇಳುವುದು ಒಳ್ಳೆಯದು. ಕಥೆಯಲ್ಲಿ ಒಂದು ಅಂಶ ಮಾತ್ರ ಚರಿತ್ರೆಗೆ ಹೊಂದುತ್ತದೆ: ಧ್ಯಾನಕ್ಕೆ ಕುಳಿತ ಭಿಕ್ಷುವಿನ ನಿಜವಾದ ವೈರಿ ನಿದ್ರೆ.

ಭಾರತದಿಂದ ಹೋದದ್ದು ಗಿಡವಲ್ಲ, ಶಬ್ದ. ಸಂಸ್ಕೃತದ ‘ಧ್ಯಾನ’ ಪಾಲಿಯಲ್ಲಿ ‘ಝಾನ’ವಾಯಿತು, ಚೀನೀಯರು ಅದನ್ನು ‘ಚಾನ್’ ಎಂದರು, ಜಪಾನೀಯರು ‘ಝೆನ್’ ಎಂದರು, ವಿಯೆಟ್ನಾಮಿನವರು ‘ಥಿಯೆನ್’ ಎನ್ನುತ್ತಾರೆ. ಅದಕ್ಕೆ ಪ್ರತಿಯಾಗಿ ಚೀನೀಯರ ‘ಚಾ’ ಸಮುದ್ರಮಾರ್ಗವಾಗಿಯೂ ಭೂಮಾರ್ಗವಾಗಿಯೂ ಪಯಣಿಸಿ ನಮ್ಮಲ್ಲಿಗೆ ಬಂದು ಕಾಸರಗೋಡಿನವರ ನಾಲಗೆಯಲ್ಲಿ ‘ಚಾ’ ಎಂದೂ ಸೊಲ್ಲಾಪುರದವರ ನಾಲಗೆಯಲ್ಲಿ ‘ಚಹಾ’ ಎಂದೂ ನಿಂತಿದೆ. ದಕ್ಷಿಣ ಚೀನದ ಬಂದರೊಂದರ ಉಚ್ಚಾರವಾದ ‘ತೆ’ ಡಚ್ಚರ ಹಡಗುಗಳಲ್ಲಿ ಯುರೋಪಿಗೆ ಹೋಗಿ, ಆಂಗ್ಲರ ಬಾಯಲ್ಲಿ ‘ಟೀ’ ಆಗಿ ಇಲ್ಲಿಗೆ ಮರಳಿತು. ಒಂದೇ ಬಟ್ಟಲಿಗೆ ನಮ್ಮಲ್ಲಿ ಎರಡು ಹೆಸರುಗಳಿರುವುದರ ಗುಟ್ಟು ಇದು.

ಶಬ್ದದೊಡನೆ ಎರಡು ಸಂಗತಿಗಳೂ ಹೋದುವು. ಮೊದಲನೆಯದು ಸ್ಮೃತಿಯ ಉಪದೇಶ. ಸ್ಮೃತಿಯೆಂದರೆ ಇಲ್ಲಿ ನೆನಪಲ್ಲ, ಧರ್ಮಶಾಸ್ತ್ರವೂ ಅಲ್ಲ. ಮಾಡುತ್ತಿರುವ ಕಾರ್ಯದಲ್ಲಿ ಮನಸ್ಸು ತಪ್ಪದೆ ನಿಂತಿರುವ ಎಚ್ಚರ. ಪಾಲಿ ತ್ರಿಪಿಟಕದ ಸತಿಪಟ್ಠಾನ ಸುತ್ತದಲ್ಲಿ ಬುದ್ಧನು ಭಿಕ್ಷುವಿಗೆ ಇದನ್ನು ವಿವರಿಸುವಾಗ ದೊಡ್ಡ ದೊಡ್ಡ ತತ್ತ್ವಗಳನ್ನು ಹೇಳುವುದಕ್ಕೆ ಮೊದಲೇ ಉಸಿರಾಟವನ್ನೂ, ನಡೆಯುವುದು, ನಿಲ್ಲುವುದು, ತೋಳನ್ನು ಮಡಿಸುವುದು, ಚೀವರವನ್ನು ಹೊದೆಯುವುದು, ಉಣ್ಣುವುದು, ಕುಡಿಯುವುದು, ಮಲಮೂತ್ರ ವಿಸರ್ಜನೆ ಇವುಗಳನ್ನೂ ಎತ್ತಿಕೊಂಡು, ಇವೆಲ್ಲವನ್ನೂ ಅರಿವಿನಿಂದ ಮಾಡಬೇಕೆನ್ನುತ್ತಾನೆ. ಕುಡಿಯುವುದು ಎಂಬ ಒಂದು ಮಾತು ಆ ಪಟ್ಟಿಯಲ್ಲಿದ್ದಿತೆಂಬುದನ್ನು ವಾಚಕರು ಗಮನದಲ್ಲಿಟ್ಟುಕೊಳ್ಳಬೇಕು. ಎರಡನೆಯದು ವಿನಯದ ನಿಯಮ. ಮಧ್ಯಾಹ್ನ ಕಳೆದ ಮೇಲೆ ಭಿಕ್ಷುವು ಘನಾಹಾರ ಸೇವಿಸುವಂತಿಲ್ಲ. ಉಷ್ಣದೇಶದಲ್ಲಿ ಇದು ಹೇಗೋ ಸಾಗುತ್ತದೆ; ಉತ್ತರ ಚೀನದ ಚಳಿಗಾಲದ ರಾತ್ರಿಯಲ್ಲಿ, ಹಸಿದ ಹೊಟ್ಟೆಯಲ್ಲಿ, ನಿದ್ರಿಸದೆ ಕುಳಿತುಕೊಳ್ಳುವುದು ಎಂತಹ ಪರೀಕ್ಷೆಯಾಗಿದ್ದಿರಬೇಕೆಂಬುದನ್ನು ಊಹಿಸಿಕೊಳ್ಳಬಹುದು.

ಟಾಂಗ್ ವಂಶದ ಕಾಲದ ಫೆಂಗ್ ಯಾನ್ ಎಂಬ ಅಧಿಕಾರಿ ತಾನು ಕಂಡು ಕೇಳಿದ ಸಂಗತಿಗಳನ್ನು ಬರೆದಿಟ್ಟಿದ್ದಾನೆ. ಕೈಯುವಾನ್ ಯುಗದಲ್ಲಿ, ಎಂದರೆ 713ರಿಂದ 741ರ ನಡುವೆ, ತಾಯ್ ಪರ್ವತದ ಬಳಿಯ ಲಿಂಗ್‌ಯಾನ್ ವಿಹಾರದಲ್ಲಿ ಮಾರಜಯಿಯೆಂಬರ್ಥದ ಬಿರುದುಳ್ಳ ಗುರುವೊಬ್ಬನು ಚಾನ್ ಮಾರ್ಗವನ್ನು ಬೋಧಿಸುತ್ತಿದ್ದನೆಂದೂ, ಅಲ್ಲಿಯ ಸಾಧಕರು ನಿದ್ರಿಸದಿರುವುದಕ್ಕೆ ಪ್ರಯತ್ನಿಸುತ್ತಿದ್ದರೆಂದೂ, ಸಂಜೆ ಉಣ್ಣುತ್ತಿರಲಿಲ್ಲವಾದರೂ ಚಹ ಕುಡಿಯುವುದಕ್ಕೆ ಅವರಿಗೆ ಅನುಮತಿಯಿದ್ದಿತೆಂದೂ ಅವನು ಹೇಳುತ್ತಾನೆ. ಭಿಕ್ಷುಗಳು ಚಹವನ್ನು ಜೊತೆಯಲ್ಲಿ ಕೊಂಡೊಯ್ದು ಹೋದಲ್ಲೆಲ್ಲ ಕುದಿಸಿದರು. ಅವರನ್ನು ನೋಡಿ ಜನರು ಕಲಿತರು. ಅದು ದೇಶದ ರೂಢಿಯಾಯಿತು. ಕಣ್ಣೆವೆಯ ಕಥೆಗಿಂತ ಈ ನಾಲ್ಕು ಸಾಲಿನ ವರದಿ ನನಗೆ ಹೆಚ್ಚು ಮನೋಹರವಾಗಿ ಕಾಣುತ್ತದೆ. ಇಲ್ಲಿ ಪವಾಡವಿಲ್ಲ. ಹಸಿವು, ತೂಕಡಿಕೆ, ಒಂದು ಬಿಸಿ ಬಟ್ಟಲು, ಇಷ್ಟೇ ಇವೆ. ಚಹವು ಧ್ಯಾನದ ಮನೆಯನ್ನು ಪ್ರವೇಶಿಸಿದ್ದು ಮೊದಲು ಔಷಧವಾಗಿ. ಅದೇ ಧ್ಯಾನವಾದದ್ದು ಮುಂದಿನ ಮಾತು.

ಅದೇ ಶತಮಾನದಲ್ಲಿ ಲು ಯು (733-804) ಎಂಬಾತನು ‘ಚಾ ಜಿಂಗ್’ ಎಂಬ ಚಹದ ಶಾಸ್ತ್ರಗ್ರಂಥವನ್ನು ಬರೆದನು. ಈತನ ಬಾಲ್ಯವನ್ನು ನಮ್ಮ ವಿದ್ಯಾರ್ಥಿಗಳು ತಿಳಿಯತಕ್ಕದ್ದು. ಅನಾಥ ಶಿಶುವಾಗಿದ್ದ ಅವನನ್ನು ಸಾಕಿದವರು ಒಂದು ಬೌದ್ಧ ವಿಹಾರದವರು. ಹುಡುಗನು ಕನ್‌ಫ್ಯೂಷಿಯಸನ ಗ್ರಂಥಗಳನ್ನು ಓದಬೇಕೆಂದು ಹಠ ಹಿಡಿದನು. ಗುರುವು ಅವನ ಹಠವನ್ನು ಮುರಿಯಲು ಕಸ ಗುಡಿಸುವ, ಶೌಚಸ್ಥಾನ ತೊಳೆಯುವ, ದನ ಕಾಯುವ ಕೆಲಸಗಳಿಗೆ ಹಚ್ಚಿದನು. ಬರೆಯುವುದಕ್ಕೆ ಕಾಗದವಿಲ್ಲದೆ ಅವನು ಬಿದಿರ ಕಡ್ಡಿಯಿಂದ ದನದ ಬೆನ್ನಿನ ಮೇಲೆ ಅಕ್ಷರಗಳನ್ನು ತಿದ್ದುತ್ತಿದ್ದನೆಂದು ಅವನ ಆತ್ಮಕಥನದಲ್ಲಿದೆ. ಕೊನೆಗೆ ಓಡಿಹೋಗಿ ನಾಟಕದವರನ್ನು ಸೇರಿಕೊಂಡನು. ಭಿಕ್ಷುವಾಗಲು ಒಪ್ಪದೆ ಹೋದರೂ ವಿಹಾರದಲ್ಲಿ ಕಲಿತ ಚಹವನ್ನು ಅವನು ಬಿಡಲಿಲ್ಲ. ಅವನ ಆಪ್ತಮಿತ್ರನಾದ ಜಿಯಾವೋರಾನ್ ಕವಿಯೂ ಭಿಕ್ಷುವೂ ಆಗಿದ್ದವನು. ಮೂರು ಸಂಪುಟಗಳ, ಹತ್ತು ಅಧ್ಯಾಯಗಳ ಆ ಪುಸ್ತಕದಲ್ಲಿ ನೀರಿನ ಗುಣ, ಬೆಂಕಿಯ ಗುಣ, ಕುದಿಯುವ ನೀರಿನ ಮೂರು ಹಂತಗಳು, ಬಟ್ಟಲಿನ ಬಣ್ಣ ಎಲ್ಲವೂ ಬಂದಿವೆ. ಸ್ವಲ್ಪ ಉಪ್ಪು ಹಾಕಬಹುದೆನ್ನುವ ಆತನು ಶುಂಠಿ, ಈರುಳ್ಳಿ, ಕಿತ್ತಳೆಯ ಸಿಪ್ಪೆ ಮೊದಲಾದುವನ್ನು ಬೆರೆಸಿ ಕುದಿಸಿದ ಚಹವನ್ನು ಚರಂಡಿಯ ನೀರಿಗೆ ಹೋಲಿಸುತ್ತಾನೆ. ಏಲಕ್ಕಿ, ಶುಂಠಿ, ಹಾಲು, ಸಕ್ಕರೆ ಬೆರೆತ ನಮ್ಮ ಚಹವನ್ನು ಕಂಡಿದ್ದರೆ ಆ ಮಹನೀಯನು ಏನೆನ್ನುತ್ತಿದ್ದನೋ! ಗ್ರಂಥದ ಬೆಲೆಯಿರುವುದು ಈ ಅಭಿರುಚಿಯಲ್ಲಲ್ಲ. ಒಂದು ಸಾಮಾನ್ಯ ಕ್ರಿಯೆಯ ಪ್ರತಿಯೊಂದು ಹೆಜ್ಜೆಯನ್ನೂ ನೋಡತಕ್ಕದ್ದೆಂದು ಅದು ಭಾವಿಸುವುದರಲ್ಲಿ.

ಚಾನ್ ಗುರುಗಳಲ್ಲಿ ಜಾವೋಜೌ (778-897) ಚಹದ ಒಂದು ಪ್ರಸಂಗದಿಂದ ಪ್ರಸಿದ್ಧನಾಗಿದ್ದಾನೆ. ಹೊಸದಾಗಿ ಬಂದ ಭಿಕ್ಷುವನ್ನು, ಹಿಂದೆ ಇಲ್ಲಿಗೆ ಬಂದಿದ್ದೆಯಾ ಎಂದು ಆತನು ವಿಚಾರಿಸಿದನಂತೆ. ಬಂದಿದ್ದೆನೆಂದ ಭಿಕ್ಷುವಿಗೆ ಚಹ ಕುಡಿಯಲು ಹೇಳಿದನು. ಇನ್ನೊಬ್ಬನು ಬಂದಿರಲಿಲ್ಲವೆಂದನು, ಅವನಿಗೂ ಚಹ ಕುಡಿಯಲು ಹೇಳಿದನು. ಇಬ್ಬರಿಗೂ ಒಂದೇ ಉತ್ತರವೇಕೆಂದು ವಿಹಾರದ ಪಾರುಪತ್ಯಗಾರನು ಕೇಳಲು, ಗುರುವು ಅವನ ಹೆಸರು ಹಿಡಿದು ಕರೆದನು. ಅವನು ಓಗೊಟ್ಟನು. ಅವನಿಗೂ ಚಹ ಕುಡಿಯಬೇಕೆಂಬ ಅಪ್ಪಣೆಯೇ ಆಯಿತು. ಈ ಪ್ರಸಂಗದ ಮೇಲೆ ಬೆಳೆದಿರುವ ವ್ಯಾಖ್ಯಾನಗಳು ಅಪಾರ. ಅವುಗಳಲ್ಲಿ ಬಹುಭಾಗ ಗುರುವಿನ ಮಾತಿಗಿಂತ ಕಠಿನವಾಗಿವೆ. ನಮ್ಮ ವಚನಕಾರರನ್ನು ಓದಿದವರಿಗೆ, ಪ್ರಶ್ನೆಯನ್ನು ಪ್ರಶ್ನಿಸಿದವನ ಕೈಗೇ ಮರಳಿ ಕೊಡುವ ಈ ಧಾಟಿ ತೀರ ಅಪರಿಚಿತವೆನಿಸಲಾರದು.

ಪ್ರಸಂಗಗಳಿಂದ ಸಾಧನೆ ನಡೆಯುವುದಿಲ್ಲ, ನಿಯಮ ಬೇಕು. 1103ರಲ್ಲಿ ಚಾಂಗ್‌ಲು ಜೋಂಗ್‌ಜೆ ಎಂಬ ಗುರುವು ಸಂಕಲಿಸಿದ ‘ಚಾನ್‌ಯುವಾನ್ ಚಿಂಗ್‌ಗುಯಿ’ ಎಂಬ ವಿಹಾರನಿಯಮಗಳ ಗ್ರಂಥವನ್ನು ನೋಡಿದರೆ, ಚಹದ ಕೂಟಗಳಿಗೆ ಅದು ಮೀಸಲಿಟ್ಟ ಪುಟಗಳೆಷ್ಟೆಂದು ಆಶ್ಚರ್ಯವಾಗುತ್ತದೆ. ಹೊಸ ಅಧಿಕಾರಿಯ ನೇಮಕವಾದಾಗ, ಅತಿಥಿಗಳು ಬಂದಾಗ, ವರ್ಷಾವಾಸ ಆರಂಭವಾಗುವಾಗ, ಮುಗಿಯುವಾಗ ಚಹದ ಕೂಟ ನಡೆಯಬೇಕು. ಯಾರು ಯಾರನ್ನು ಹೇಗೆ ಆಮಂತ್ರಿಸಬೇಕು, ಆಮಂತ್ರಿತನು ತನ್ನ ಸ್ಥಾನವನ್ನು ಮೊದಲೇ ಹೇಗೆ ತಿಳಿದಿರಬೇಕು, ಪಾದರಕ್ಷೆಯನ್ನು ಸದ್ದಿಲ್ಲದೆ ಹೇಗೆ ಬಿಡಬೇಕು, ಬಟ್ಟಲನ್ನು ಎರಡು ಕೈಗಳಲ್ಲಿ ಎದೆಯ ಮಟ್ಟಕ್ಕೆ ಹೇಗೆ ಹಿಡಿಯಬೇಕು ಎಂಬುದೆಲ್ಲ ಅಲ್ಲಿ ವಿಧಿಸಲ್ಪಟ್ಟಿದೆ. ಚಹವನ್ನು ಬಾಯಿಂದ ಊದಬಾರದು, ಬಟ್ಟಲನ್ನು ಅಲುಗಾಡಿಸಬಾರದು, ಸುರ್ರೆಂದು ಹೀರಬಾರದು, ಬಟ್ಟಲನ್ನು ಇಡುವಾಗಲೂ ತೆಗೆಯುವಾಗಲೂ ಸದ್ದಾಗಬಾರದು. ಬಸಿಯಲ್ಲಿ ಸುರಿದು ಊದಿ ಹೀರುವ ನಮ್ಮ ಹಿರಿಯರು ಆ ಸಭೆಯಲ್ಲಿ ಒಂದು ಗಳಿಗೆಯೂ ನಿಲ್ಲುವಂತಿರಲಿಲ್ಲ. ಇದನ್ನು ಕೇವಲ ಮರ್ಯಾದೆಯ ಪಾಠವೆಂದು ತಿಳಿಯುವವರಿದ್ದಾರೆ. ಮರ್ಯಾದೆಯೂ ಅದರಲ್ಲಿ ಇದೆ. ಮೇಲು ಕೀಳಿನ ಕ್ರಮವೂ ಬೇಕಾದಷ್ಟಿದೆ. ಆದರೆ ಊದದೆ ಕುಡಿಯಬೇಕಾದವನು ಬಟ್ಟಲು ಆರುವವರೆಗೆ ಅದನ್ನು ಹಿಡಿದು ಕಾಯಬೇಕು. ಕಾಯುವಾಗ ಅವನ ಅಂಗೈಗೆ ಶಾಖ ತಿಳಿಯುತ್ತದೆ, ಮೂಗಿಗೆ ಪರಿಮಳ ತಿಳಿಯುತ್ತದೆ, ಎಡಬಲದಲ್ಲಿ ಕುಳಿತವರ ಉಸಿರೂ ತಿಳಿಯುತ್ತದೆ. ನೂರು ಜನ ಒಂದೆಡೆ ಕುಳಿತು ಒಂದು ಸದ್ದೂ ಇಲ್ಲದೆ ಚಹ ಕುಡಿಯಬೇಕಾದರೆ ಆ ನೂರು ಮನಸ್ಸುಗಳೂ ಕೈಯಲ್ಲಿಯೇ ಇರಬೇಕಾಗುತ್ತದೆ. ಸುತ್ತದಲ್ಲಿ ಒಂದು ಮಾತಾಗಿದ್ದ ‘ಕುಡಿಯುವುದು’ ಇಲ್ಲಿ ಹೀಗೆ ಒಂದು ವ್ಯವಸ್ಥೆಯಾಯಿತು.

ಜಪಾನಿನಲ್ಲಿ ಚಹದ ಮೊದಲ ದಾಖಲೆ 815ರದು. ಚೀನದಲ್ಲಿ ಸುಮಾರು ಮೂವತ್ತು ವರ್ಷ ಇದ್ದು ಬಂದ ಏಚೂ ಎಂಬ ಭಿಕ್ಷುವು ಸಾಗಾ ಚಕ್ರವರ್ತಿಗೆ ಚಹ ಅರ್ಪಿಸಿದನೆಂದು ರಾಜವೃತ್ತಾಂತ ಹೇಳುತ್ತದೆ. ಆ ರೂಢಿ ಹೆಚ್ಚು ಕಾಲ ಬಾಳಲಿಲ್ಲ. ಅದನ್ನು ಪುನಃ ನೆಲೆಗೊಳಿಸಿದವನು ಏಸಾಯ್ (1141-1215). ಈತನು ಎರಡನೆಯ ಬಾರಿ 1187ರಲ್ಲಿ ಚೀನಕ್ಕೆ ಹೊರಟದ್ದು ಅಲ್ಲಿಂದ ಮುಂದೆ ಭಾರತಕ್ಕೆ ಬಂದು ಬುದ್ಧನ ನೆಲವನ್ನು ನೋಡುವ ಉದ್ದೇಶದಿಂದ. ಮಾರ್ಗ ಸುರಕ್ಷಿತವಲ್ಲವೆಂದು ಚೀನದ ಅಧಿಕಾರಿಗಳು ಅನುಮತಿ ಕೊಡಲಿಲ್ಲ. ಅವನು ಅಲ್ಲಿಯೇ ಉಳಿದು ಚಾನ್ ಸಾಧನೆ ಮಾಡಿ, 1191ರಲ್ಲಿ ಊರಿಗೆ ಮರಳುವಾಗ ಚಹದ ಬೀಜಗಳನ್ನು ತಂದನೆಂದು ಸಂಪ್ರದಾಯ. 1211ರಲ್ಲಿ ಚಹ ಕುಡಿದು ಆಯುಸ್ಸನ್ನು ರಕ್ಷಿಸಿಕೊಳ್ಳುವ ವಿಷಯವಾಗಿ ಪುಸ್ತಕ ಬರೆದನು. ಐದು ಅಂಗಗಳಿಗೆ ಐದು ರಸಗಳು ಬೇಕು, ಹೃದಯಕ್ಕೆ ಕಹಿ ಬೇಕು, ಜಪಾನೀಯರು ಕಹಿಯನ್ನು ತಿನ್ನುವುದಿಲ್ಲ, ಆದ್ದರಿಂದ ಚಹ ಕುಡಿಯಬೇಕು, ಇದು ಅವನ ವಾದ. 1214ರಲ್ಲಿ ಮದ್ಯಪಾನದಿಂದ ಅಸ್ವಸ್ಥನಾಗಿದ್ದ ಷೋಗುನ್ ಸಾನೆತೊಮೊನಿಗೆ ಈ ಪುಸ್ತಕವನ್ನೂ ಒಂದು ಬಟ್ಟಲು ಚಹವನ್ನೂ ಒಟ್ಟಿಗೇ ಕೊಟ್ಟನು.

ಏಸಾಯ್ ಕೊಟ್ಟ ಬೀಜಗಳನ್ನು ಕ್ಯೋಟೊ ಬಳಿಯ ತೊಗಾನೊವೊ ಬೆಟ್ಟದಲ್ಲಿ ಬೆಳೆಸಿದನೆಂದು ಹೇಳಲಾಗುವ ಮ್ಯೋಯೆ (1173-1232) ನನ್ನನ್ನು ಹೆಚ್ಚು ಸೆಳೆಯುವ ವ್ಯಕ್ತಿ. ಈತನಿಗೆ ಭಾರತದ ಹುಚ್ಚು. ಚೀನದ ಚಾಂಗ್‌ಆನ್ ನಗರದಿಂದ ಮಗಧದ ರಾಜಗೃಹಕ್ಕೆ ದಿನಕ್ಕೆ ಇಷ್ಟು ನಡೆದರೆ ಎಷ್ಟು ದಿನ ಬೇಕು, ಅಷ್ಟು ನಡೆದರೆ ಎಷ್ಟು ದಿನ ಬೇಕು ಎಂದು ಕಾಗದದ ಮೇಲೆ ಲೆಕ್ಕ ಹಾಕಿಟ್ಟಿದ್ದನು. ಆ ಕಾಗದ ಇಂದಿಗೂ ಉಳಿದಿದೆ. 1203ರಲ್ಲಿ ಹೊರಡಲು ಸಿದ್ಧನಾದಾಗ ಕಸುಗಾ ದೇವತೆ ಒಬ್ಬ ಸ್ತ್ರೀಯ ಮೈಮೇಲೆ ಬಂದು ಅವನನ್ನು ತಡೆಯಿತಂತೆ. ಎರಡು ವರ್ಷಗಳ ತರುವಾಯ ಮತ್ತೆ ಹೊರಟನು. ಆಗಲೂ ಪ್ರಯಾಣ ನಿಂತುಹೋಯಿತು. ಆಮೇಲೆ ಅವನು ಕೀ ಪ್ರಾಂತದ ಕಡಲತೀರದಿಂದ ತಂದ ಒಂದು ಕಲ್ಲನ್ನು ಜೊತೆಯಲ್ಲಿಟ್ಟುಕೊಂಡನು. ಬುದ್ಧನ ಹೆಜ್ಜೆಗಳನ್ನು ತೊಳೆದ ಭಾರತದ ನೀರು ಸಮುದ್ರವನ್ನು ಸೇರಿದೆ, ಸಮುದ್ರವೆಲ್ಲ ಒಂದೇ, ಆದುದರಿಂದ ಈ ಕಲ್ಲಿಗೂ ಆ ನೀರು ಸೋಂಕಿದೆ ಎಂದು ಅವನ ನಂಬಿಕೆ. ಗಡಿಯಾಚೆ ಇರುವ ನಾಡನ್ನು ನೆನೆದು ಬದುಕುವುದೆಂದರೇನೆಂದು ತಿಳಿದವರಿಗೆ ಈ ಕಲ್ಲಿನ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಮರದ ಕವಲಿನಲ್ಲಿ ಕುಳಿತು ಧ್ಯಾನಿಸುತ್ತಿರುವ ಅವನ ಚಿತ್ರ ಜಪಾನಿನ ಪ್ರಸಿದ್ಧ ಚಿತ್ರಗಳಲ್ಲೊಂದು. ಅವನ ತೊಗಾನೊವೊ ಚಹವೇ ಮುಂದೆ ಬಹುಕಾಲ ‘ನಿಜವಾದ ಚಹ’ವೆನಿಸಿತು.

ದೋಗೆನ್ (1200-1253) ಈ ಪರಂಪರೆಗೆ ಶಾಸ್ತ್ರದ ಬಲ ಕೊಟ್ಟನು. ಬುದ್ಧರ ಮನೆವಾರ್ತೆಯೆಂದರೆ ಅನ್ನ ಮತ್ತು ಚಹವೇ ಎಂಬುದನ್ನು ಆತನು 1243ರ ಒಂದು ಪ್ರವಚನದಲ್ಲಿ ವಿಸ್ತರಿಸುತ್ತಾನೆ. ಆದರೆ ಹದಿನಾಲ್ಕನೆಯ ಶತಮಾನದ ಹೊತ್ತಿಗೆ ವಿಹಾರದ ಹೊರಗೆ ಚಹವು ಬೇರೊಂದು ದಾರಿ ಹಿಡಿದಿದ್ದಿತು. ಸಾಮಂತರು ಯಾವುದು ತೊಗಾನೊವೊ ಚಹ, ಯಾವುದು ಅಲ್ಲ ಎಂದು ಗುರುತಿಸುವ ಪಂದ್ಯ ಕಟ್ಟಿ ಜೂಜಾಡುತ್ತಿದ್ದರು. ಎಚ್ಚರಕ್ಕಾಗಿ ಬಂದ ಎಲೆ ಮತ್ತಿನ ಕೂಟಗಳಿಗೆ ಅಲಂಕಾರವಾಯಿತು. 1336ರ ರಾಜಶಾಸನದಲ್ಲಿ ಇಂತಹ ಕೂಟಗಳ ಮೇಲೆ ಆಕ್ಷೇಪವಿದೆ.

ಇದಕ್ಕೆ ಪ್ರತಿಯಾಗಿ ಎದ್ದವನೆಂದು ಮುರಾಟಾ ಜುಕೋ (1423-1502) ಎಂಬವನನ್ನು ಹೆಸರಿಸುತ್ತಾರೆ. ಅವನು ಝೆನ್ ಗುರು ಇಕ್ಕ್ಯೂವಿನ ಶಿಷ್ಯನಾಗಿದ್ದನೆಂದು ತರುವಾಯದ ಗ್ರಂಥಗಳ ಹೇಳಿಕೆ. ಆ ಕಾಲದ ದಾಖಲೆಗಳು ಅಷ್ಟು ನಿಖರವಾಗಿಲ್ಲ. ಅವನದೆನ್ನುವ ಒಂದು ಪತ್ರದಲ್ಲಿ ಚಹದ ಮಾರ್ಗಕ್ಕೆ ಅತಿದೊಡ್ಡ ವಿಘ್ನ ಅಹಂಕಾರವೆಂದು ಬರೆದಿದೆ. ಚಹವೂ ಝೆನ್ನೂ ಒಂದೇ ರುಚಿ ಎಂಬ ಪ್ರಖ್ಯಾತ ಮಾತನ್ನು ಇಂದು ಎಲ್ಲೆಡೆ ಕೇಳುತ್ತೇವೆ. ಸೆನ್ ನೋ ರಿಕ್ಯೂವಿನ ಉಪದೇಶವೆಂದು ಪ್ರಸಿದ್ಧವಾದ ‘ನಂಪೋರೊಕು’ ಗ್ರಂಥ ಬೆಳಕಿಗೆ ಬಂದದ್ದು ಅವನು ಸತ್ತು ಸುಮಾರು ನೂರು ವರ್ಷಗಳಾದ ಮೇಲೆ. ಅದು ಅವನ ಕಾಲದ್ದೇ ಎಂಬುದನ್ನು ವಿದ್ವಾಂಸರು ಒಪ್ಪುವುದಿಲ್ಲ. ಹಾಗೆಂದು ಸಂಬಂಧವೇ ಇರಲಿಲ್ಲವೆಂದಲ್ಲ: ರಿಕ್ಯೂವಿನ ಶಿಷ್ಯನಾದ ಯಾಮಾನೊವೆ ಸೋಜಿ, ಚಹವು ಝೆನ್ನಿನಿಂದ ಹುಟ್ಟಿದ್ದರಿಂದ ಅದನ್ನು ಆಚರಿಸುವವನು ಭಿಕ್ಷುವಿನಂತೆ ನಡೆಯಬೇಕೆಂದು ತನ್ನ ಗುರುವಿನ ಜೀವಿತಕಾಲದಲ್ಲಿಯೇ ಬರೆದನು.

ರಿಕ್ಯೂ (1522-1591) ಸಕಾಯ್ ಬಂದರಿನ ವರ್ತಕರ ಮನೆತನದವನು. ದೇಶವನ್ನೆಲ್ಲ ಒಂದು ಆಡಳಿತದ ಕೆಳಗೆ ತಂದ ತೊಯೊತೊಮಿ ಹಿದೆಯೋಶಿಗೆ ಚಹದ ಆಚಾರ್ಯನಾಗಿದ್ದನು. ಇಬ್ಬರ ಚಹವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. 1586ರಲ್ಲಿ ಹಿದೆಯೋಶಿ ಗೋಡೆ, ಚಾವಣಿ, ಪಾತ್ರೆಗಳೆಲ್ಲ ಚಿನ್ನದ ಹೊದಿಕೆಯಿಂದ ಮಿರುಗುವ, ಕಳಚಿ ಸಾಗಿಸಬಹುದಾದ ಚಹದ ಕೊಠಡಿಯನ್ನು ಅರಮನೆಗೆ ತರಿಸಿ ಚಕ್ರವರ್ತಿಗೆ ಚಹವಿತ್ತನು. ರಿಕ್ಯೂ ನಿರ್ಮಿಸಿದನೆನ್ನುವ ತಾಯಾನ್ ಎಂಬ ಚಹದ ಮನೆ ಯಾಮಾಝಾಕಿಯಲ್ಲಿ ಇಂದಿಗೂ ನಿಂತಿದೆ. ಒಳಗೆ ಇರುವುದು ಎರಡು ಚಾಪೆಗಳ ಜಾಗ, ಎಂದರೆ ಸುಮಾರು ಆರು ಅಡಿ ಉದ್ದ, ಆರು ಅಡಿ ಅಗಲ. ಗೋಡೆ ಮಣ್ಣಿನದು, ಅದರಲ್ಲಿ ಬೆರೆಸಿದ ಹುಲ್ಲು ಕಣ್ಣಿಗೆ ಕಾಣುತ್ತದೆ. ಬಾಗಿಲು ಸುಮಾರು ಎರಡೂವರೆ ಅಡಿ ಎತ್ತರದ್ದು. ದೊರೆಯಾಗಲಿ ವರ್ತಕನಾಗಲಿ ಮೊಣಕಾಲೂರಿ ತಲೆ ತಗ್ಗಿಸಿಯೇ ಒಳಗೆ ಬರಬೇಕು. ಕತ್ತಿ ಹೊರಗೇ ಇರಬೇಕು. ಒಳಗೆ ಬಂದವರಿಗೆ ಮಾಡುವುದಕ್ಕೆ ಬೇರೇನೂ ಇಲ್ಲ. ಕೆಂಡದ ಮೇಲಿನ ನೀರಿನ ಸದ್ದು ಕೇಳಬೇಕು, ಮುಂದಿರುವವನ ಕೈಗಳನ್ನು ನೋಡಬೇಕು, ಕೊಟ್ಟ ಬಟ್ಟಲನ್ನು ಎರಡೂ ಅಂಗೈಗಳಲ್ಲಿ ಹಿಡಿಯಬೇಕು. ಆ ಬಟ್ಟಲನ್ನು ಚೋಜಿರೋ ಎಂಬ ಕುಶಲಕರ್ಮಿ ಚಕ್ರವಿಲ್ಲದೆ ಕೈಯಿಂದಲೇ ತಿದ್ದಿದ್ದನು.

ಹಿದೆಯೋಶಿಗೆ ಎರಡೂ ಬೇಕಾಗಿದ್ದುವು. 1587ರ ಶರತ್ಕಾಲದಲ್ಲಿ ಕ್ಯೋಟೊ ನಗರದ ಕಿತಾನೊ ದೇವಾಲಯದ ವನದಲ್ಲಿ ಮಹಾಚಹಕೂಟ ನಡೆಯುವುದೆಂದು ಸಾರಿಸಿದನು. ರೈತನಿರಲಿ, ಪೇಟೆಯವನಿರಲಿ, ಒಂದು ಕೆಟಲು, ಒಂದು ಬಟ್ಟಲು ಹಿಡಿದು ಬರಬಹುದು. ಚಹವಿಲ್ಲದವನು ಹುರಿದ ಧಾನ್ಯದ ಹಿಟ್ಟನ್ನು ತಂದರೂ ಸರಿಯೇ ಎಂಬ ಆ ಪ್ರಕಟಣೆಯನ್ನು ಓದಿದರೆ ಮನಸ್ಸು ಅರಳುತ್ತದೆ. ಆದರೆ ಬಾರದವನು ಇನ್ನು ಮೇಲೆ ಚಹ ಮಾಡಕೂಡದೆಂಬ ಬೆದರಿಕೆಯೂ ಅದರ ಜೊತೆಗೇ ಇದ್ದಿತು. ಹತ್ತು ದಿನ ನಡೆಯಬೇಕಾಗಿದ್ದ ಕೂಟ ಒಂದೇ ದಿನಕ್ಕೆ ಮುಗಿಯಿತು. 1591ರಲ್ಲಿ ಹಿದೆಯೋಶಿ ತನ್ನ ಆಚಾರ್ಯನಿಗೆ ಆತ್ಮಹತ್ಯೆಯ ಆಜ್ಞೆ ಕೊಟ್ಟನು. ದೈತೊಕುಜಿ ವಿಹಾರದ ಮಹಾದ್ವಾರದ ಮೇಲಂತಸ್ತಿನಲ್ಲಿ ರಿಕ್ಯೂವಿನ ಪ್ರತಿಮೆ ಇದ್ದಿತು, ಅದರ ಪಾದಗಳ ಕೆಳಗೆ ದೊರೆಯು ನಡೆಯಬೇಕಾಗಿದ್ದಿತು ಎಂಬುದು ಹೊರಿಸಿದ ಅಪರಾಧಗಳಲ್ಲೊಂದು. ಪಾತ್ರೆಗಳನ್ನು ವಿಪರೀತ ಬೆಲೆಗೆ ಮಾರಿದನೆಂಬುದು ಇನ್ನೊಂದು. ನಿಜವಾದ ಕಾರಣವೇನೆಂಬುದರ ಬಗ್ಗೆ ಇತಿಹಾಸಕಾರರಲ್ಲಿ ಏಕಾಭಿಪ್ರಾಯವಿಲ್ಲ. ಎರಡೂವರೆ ಅಡಿಯ ಬಾಗಿಲಲ್ಲಿ ತಲೆ ತಗ್ಗಿಸುವುದು ದೊರೆಗೆ ಆಟವಾಗಿರುವಷ್ಟು ಕಾಲ ಸಹ್ಯವಾಗಿದ್ದಿತೆಂದು ನನ್ನ ಅನುಮಾನ. ಇನ್ನೊಂದನ್ನೂ ಹೇಳದಿದ್ದರೆ ಅನ್ಯಾಯವಾದೀತು: ಮಣ್ಣಿನ ಗೋಡೆಯ ಸರಳತೆಯನ್ನು ಬೋಧಿಸಿದ ರಿಕ್ಯೂ ಬಡವನಾಗಿರಲಿಲ್ಲ, ಅಧಿಕಾರದ ತೀರ ಸಮೀಪದಲ್ಲಿ ಕುಳಿತೇ ಚಹ ಕದಡಿದವನು.

ಆ ಸಾಮೀಪ್ಯವನ್ನು ಬೇಡವೆಂದವನು ಬೈಸಾವೊ (1675-1763). ಹೆಸರಿನ ಅರ್ಥ ಚಹ ಮಾರುವ ಮುದುಕ. ಓಬಾಕು ಝೆನ್ ಪಂಥದ ಭಿಕ್ಷುವಾಗಿದ್ದ ಈತನು ಅರುವತ್ತರ ವಯಸ್ಸಿನಲ್ಲಿ ವಿಹಾರವನ್ನೂ ಭಕ್ತರ ಕಾಣಿಕೆಯನ್ನೂ ಬಿಟ್ಟು, ಪಾತ್ರೆಗಳ ಬುಟ್ಟಿಗಳನ್ನು ಹೆಗಲ ಮೇಲೆ ಹೊತ್ತು, ಕ್ಯೋಟೊದ ಹೊಳೆದಂಡೆ, ಮರದ ನೆರಳುಗಳಲ್ಲಿ ಚಹ ಮಾರತೊಡಗಿದನು. ನಿಗದಿಯಾದ ಬೆಲೆಯಿರಲಿಲ್ಲ, ಬಿದಿರ ಅಂಡೆಯಲ್ಲಿ ಇಷ್ಟವಿದ್ದಷ್ಟು ಹಾಕಬಹುದು, ಏನೂ ಹಾಕದೆಯೂ ಕುಡಿಯಬಹುದು. ಪುಡಿ ಕದಡುವ ವಿಧಿಯನ್ನೆಲ್ಲ ಬಿಟ್ಟು ಎಲೆಯನ್ನು ಬಿಸಿನೀರಿನಲ್ಲಿ ಹಾಕಿ ಕೊಡುತ್ತಿದ್ದನು. ಎಂಬತ್ತರ ಅಂಚಿನಲ್ಲಿ, 1755ರಲ್ಲಿ, ತನ್ನ ಬುಟ್ಟಿಯನ್ನೂ ಪಾತ್ರೆಗಳನ್ನೂ ಬೆಂಕಿಗೆ ಹಾಕಿದನು. ತಾನು ಸತ್ತ ಮೇಲೆ ಅವು ಲೌಕಿಕರ ಕೈಸೇರಿ ಅಪಮಾನಕ್ಕೀಡಾಗಬಾರದೆಂದು ಆತನ ಭಾವನೆ. ಒಂದೊಂದು ಬಟ್ಟಲಿಗೆ ಕೋಟೆಯಷ್ಟು ಬೆಲೆ ಕಟ್ಟುತ್ತಿದ್ದ ದೇಶದಲ್ಲಿ ಅವನ ಭಯ ನಿರಾಧಾರವಾಗಿರಲಿಲ್ಲ.

ಚಹದ ಈ ಕಥೆಯನ್ನು ಲೋಕಕ್ಕೆ ಇಂಗ್ಲಿಷಿನಲ್ಲಿ ಹೇಳಿದವನು ಒಕಾಕುರಾ ಕಾಕುಜೋ. 1902ರ ಜನವರಿಯಲ್ಲಿ ಸ್ವಾಮಿ ವಿವೇಕಾನಂದರೊಡನೆ ಬೋಧಗಯೆಗೆ ಹೋಗಿಬಂದ, ಠಾಕೂರರ ಮನೆತನದ ಸ್ನೇಹಿತನಾದ ಒಕಾಕುರಾನೇ ಇವನು. 1906ರಲ್ಲಿ ಅವನ ಚಹದ ಪುಸ್ತಕ ಹೊರಬಂದಿತು. ಆದರೆ ಅಷ್ಟರಲ್ಲಿ ಚಹವು ತೋಟದ ಬೆಳೆಯಾಗಿ ಅಸ್ಸಾಮನ್ನೂ ನಮ್ಮ ನೀಲಗಿರಿಯನ್ನೂ ಆವರಿಸಿದ್ದಿತು. ನೀಲಗಿರಿಯಲ್ಲಿ ಮೊದಲ ಗಿಡಗಳನ್ನು ಪ್ರಯೋಗಕ್ಕೆಂದು ನೆಟ್ಟದ್ದು 1830ರ ದಶಕದಲ್ಲಿ.

ಇಂದು ‘ಚಹಧ್ಯಾನ’ ಎಂಬ ಹೆಸರಿನಿಂದ ನಡೆಯುವ ಅಭ್ಯಾಸ ಬಹುಮಟ್ಟಿಗೆ ವಿಯೆಟ್ನಾಮಿನ ಭಿಕ್ಷು ಥಿಚ್ ನಾಟ್ ಹಾನ್ (1926-2022) ಅವರದು. ಹದಿನಾರನೆಯ ವಯಸ್ಸಿನಲ್ಲಿ ಹುಯೆ ನಗರದ ತು ಹಿಯೆವ್ ವಿಹಾರವನ್ನು ಸೇರಿದ ಅವರು, ಯುದ್ಧದಲ್ಲಿ ನಾಶವಾದ ಹಳ್ಳಿಗಳನ್ನು ಮತ್ತೆ ಕಟ್ಟಲು ತರುಣರ ಒಂದು ಸಮಾಜಸೇವಾ ಶಾಲೆಯನ್ನು ಆರಂಭಿಸಿದರು. 1966ರಲ್ಲಿ ಶಾಂತಿಯ ಮಾತನಾಡಲು ಹೊರದೇಶಕ್ಕೆ ಹೋದವರಿಗೆ ಮರಳುವ ದಾರಿ ಮುಚ್ಚಿತು. ಶಾಲೆಯ ಕಾರ್ಯಕರ್ತರಲ್ಲಿ ಹಲವರು ಕೊಲ್ಲಲ್ಪಟ್ಟರು. ಉಳಿದವರ ಮನಸ್ಸು ಭಯದಿಂದಲೂ ದ್ವೇಷದಿಂದಲೂ ಕೆಡದಿರಲೆಂದು 1974ರಲ್ಲಿ ಫ್ರಾನ್ಸಿನಿಂದ ಅವರಲ್ಲೊಬ್ಬನಿಗೆ ದೀರ್ಘವಾದ ಪತ್ರ ಬರೆದರು; ಅದೇ ಪುಸ್ತಕವಾಗಿ ಅನೇಕ ಭಾಷೆಗಳಿಗೆ ಹೋಯಿತು. ಪಾತ್ರೆ ತೊಳೆಯುವಾಗ ಆಮೇಲೆ ಕುಡಿಯಲಿರುವ ಚಹವನ್ನೇ ನೆನೆಯುತ್ತಿದ್ದರೆ ಪಾತ್ರೆ ತೊಳೆದಂತೆಯೂ ಆಗುವುದಿಲ್ಲ, ಚಹ ಕೈಗೆ ಬಂದಾಗ ಮನಸ್ಸು ಇನ್ನೆಲ್ಲಿಗೋ ಹೋಗಿರುವುದರಿಂದ ಚಹ ಕುಡಿದಂತೆಯೂ ಆಗುವುದಿಲ್ಲವೆಂದು ಅದರಲ್ಲಿ ವಾದಿಸಿದ್ದಾರೆ. ಗುಂಡಿನ ಸದ್ದು ಕೇಳುತ್ತಿದ್ದವರಿಗೆ ಬರೆದ ಮಾತು ಇದೆಂಬುದನ್ನು ನೆನೆದಾಗ ಮಾತ್ರ ಇದರ ತೂಕ ತಿಳಿಯುತ್ತದೆ. ನೆಮ್ಮದಿಯ ಮನೆಗಳ ವಿರಾಮಕ್ಕಾಗ

ಿ ಇದನ್ನು ಬರೆದದ್ದಲ್ಲ. 1982ರಲ್ಲಿ ಅವರು ಫ್ರಾನ್ಸಿನಲ್ಲಿ ಸ್ಥಾಪಿಸಿದ ಪ್ಲಮ್ ವಿಲೇಜ್ ಆಶ್ರಮದಲ್ಲಿ ಚಹಧ್ಯಾನ ನಡೆಯುವ ಕ್ರಮ ಸರಳವಾದದ್ದು. ಎಲ್ಲರೂ ವರ್ತುಲವಾಗಿ ಕುಳಿತುಕೊಳ್ಳುತ್ತಾರೆ. ಬುದ್ಧನಿಗೆ ಮೊದಲ ಬಟ್ಟಲು. ಅನಂತರ ತಟ್ಟೆ ಕೈಯಿಂದ ಕೈಗೆ ಸಾಗುತ್ತದೆ. ತೆಗೆದುಕೊಳ್ಳುವ ಮೊದಲು ಕೈಜೋಡಿಸಿ ತಲೆ ಬಾಗುತ್ತಾರೆ. ಎಲ್ಲರಿಗೂ ಸೇರುವವರೆಗೆ ಯಾರೂ ಕುಡಿಯುವುದಿಲ್ಲ. ಮೌನವಾಗಿ ಕುಡಿದಾದ ಮೇಲೆ ಯಾರಾದರೂ ಹಾಡಬಹುದು, ಒಂದು ನೆನಪನ್ನು ಹೇಳಬಹುದು. ಬಟ್ಟಲಿನೊಳಗೆ ಮೋಡವನ್ನು ಕಾಣಬೇಕೆಂದು ಆ ಗುರುಗಳು ಹೇಳುತ್ತಿದ್ದರು: ಮೋಡ ಮಳೆಯಾಗಿ, ಮಳೆ ಎಲೆಯಾಗಿ ಇಲ್ಲಿ ಬಂದಿದೆಯಲ್ಲವೇ? ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಇಳಿಜಾರಿನಲ್ಲಿ ಎಲೆ ಕೊಯ್ಯುವ ಹೆಂಗಸರನ್ನು ದಿನವೂ ನೋಡುವ ನೀಲಗಿರಿಯವರಿಗೆ ಮೋಡದ ಜೊತೆಗೆ ಆ ಬೆರಳುಗಳೂ ಕಾಣಬೇಕು.

ಇದನ್ನೆಲ್ಲ ಕಣ್ಣಾರೆ ಕಾಣಬೇಕೆನ್ನುವವರು ಜಪಾನಿಗೆ ಹೋಗಬೇಕಾದುದಿಲ್ಲ. ಟಿಬೆಟ್ಟಿನ ಮಹಾವಿಹಾರಗಳಲ್ಲಿ ಸೇರಾ ಬೈಲಕುಪ್ಪೆಯಲ್ಲಿಯೂ ದ್ರೇಪುಂಗ್ ಮತ್ತು ಗಾಂದೆನ್ ಮುಂಡಗೋಡಿನಲ್ಲಿಯೂ ಮರುಸ್ಥಾಪನೆಗೊಂಡು ಕನ್ನಡ ನೆಲದಲ್ಲಿವೆ. ಅವರದು ಝೆನ್ ಪಂಥವಲ್ಲ. ಚಹದ ರುಚಿಯೂ ಬೇರೆ, ಬೆಣ್ಣೆ ಮತ್ತು ಉಪ್ಪು ಕೂಡಿದ್ದು. ಬೆಳಗಿನ ಪ್ರಾರ್ಥನೆ ನಡೆಯುತ್ತಿರುವಾಗಲೇ ಬಾಲಭಿಕ್ಷುಗಳು ತಮ್ಮ ಎದೆಯೆತ್ತರದ ಭಾರವಾದ ಕೆಟಲುಗಳನ್ನು ಎತ್ತಿಕೊಂಡು ಬರಿಗಾಲಲ್ಲಿ ಸಾಲುಗಳ ನಡುವೆ ಓಡಿಬರುತ್ತಾರೆ. ಹಿರಿಯರು ಮುಂದೆ ಇಟ್ಟ ಬಟ್ಟಲುಗಳು ಒಂದೊಂದಾಗಿ ತುಂಬುತ್ತವೆ. ಪಠನದ ರಾಗ ಬದಲಾಗುತ್ತದೆ. ಚಹವನ್ನು ಮೊದಲು ಬುದ್ಧ, ಧರ್ಮ, ಸಂಘಗಳಿಗೆ ಅರ್ಪಿಸುವ ಶ್ಲೋಕ ಅದು. ಅದು ಮುಗಿಯುವವರೆಗೆ ನೂರಾರು ಬಟ್ಟಲುಗಳಿಂದ ಆವಿ ಏಳುತ್ತಲೇ ಇರುತ್ತದೆ, ಯಾವ ಕೈಯೂ ಮುಂದೆ ಹೋಗುವುದಿಲ್ಲ. ಅನಂತರ ಎಲ್ಲರೂ ಒಮ್ಮೆಗೇ ಬಟ್ಟಲನ್ನೆತ್ತುತ್ತಾರೆ.